ಮುಖ್ಯಸ್ಥರ ಸಹಿ ಇಲ್ಲದ ಅರ್ಜಿ

ಅಧ್ಯಕ್ಷತೆ ವಹಿಸಿರುವ ಮಾನ್ಯ ಕುಲಪತಿಗಳೇ, ನನ್ನನ್ನು ಬಾಯ್ತುಂಬ ಹೊಗಳಿದ ಕುಲಸಚಿವರೇ, ಅತಿಥಿಗಳೇ, ಟಪಾಲು ವಿಭಾಗದ ನನ್ನ ಗೆಳೆಯರೇ, ಮುಂದಿನ ಸಾಲಿನಲ್ಲಿರುವ ನನ್ನ ಹೆಂಡತಿ ಮತ್ತು ಮಗಳೇ, ಸಭಿಕರೇ,

ಮೂವತ್ತೊಂದು ವರ್ಷ ಈ ವೇದಿಕೆಯ ಭಾಷಣಗಳನ್ನು ಟೈಪು ಮಾಡಿಕೊಟ್ಟವನು ನಾನು. ಚಪ್ಪಾಳೆ ಎಲ್ಲಿ ಬೀಳುತ್ತದೆಂದು ಮೊದಲೇ ಹೇಳಬಲ್ಲೆ. ಇವತ್ತಿನ ನನ್ನ ಮಾತಿನಲ್ಲಿ ಅಂಥ ಜಾಗವಿಲ್ಲ, ಕ್ಷಮಿಸಿ.

ನನ್ನ ಮೇಜಿನ ಮೇಲೆ ಸಂಜೆಗೆ ಒಂದು ಕಾಗದವೂ ಉಳಿಯುತ್ತಿರಲಿಲ್ಲ ಎಂದರು ಕುಲಸಚಿವರು. ನಿಜ. ಹೇಗೆ ಉಳಿದೀತು? ಸರಿಯಿಲ್ಲದ್ದನ್ನು ನಾನು ಟಪಾಲು ಕಿಟಕಿಯಲ್ಲೇ ವಾಪಸು ಕೊಡುತ್ತಿದ್ದೆ. ನನ್ನ ವಹಿಯಲ್ಲಿ ನಂಬರ್ ಬೀಳದ ಅರ್ಜಿ ಬಂದೇ ಇಲ್ಲವೆಂದು ಲೆಕ್ಕ.

ಕಳೆದ ತಿಂಗಳು, ಕಿರುಕುಳಕ್ಕೆ ಒಳಗಾದ ವಿದ್ಯಾರ್ಥಿಗಳಿಗಾಗಿ ತೆರೆಯುತ್ತಿರುವ ನೆರವು ಕೇಂದ್ರಕ್ಕೆ ದೂರಿನ ನಮೂನೆಯೊಂದನ್ನು ಸಿದ್ಧಪಡಿಸಲು ನನಗೆ ಹೇಳಿದರು. ಮಾಡಿಕೊಟ್ಟೆ. ಕೇಂದ್ರದ ಆಪ್ತಸಮಾಲೋಚಕಿ ಓದಿ, ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ಮೂಲಕ: ವಿಭಾಗದ ಮುಖ್ಯಸ್ಥರು.’

"ಇದ್ಯಾಕೆ ಸಾರ್?"

"ಎಲ್ಲಾ ಅರ್ಜಿಗೂ ಇರತ್ತಮ್ಮ."

"ದೂರು ಅವರ ಮೇಲೇ ಇದ್ರೆ?"

ಆಕೆ ಸಾಲನ್ನು ಹೊಡೆದುಹಾಕಿ ಹೋದರು. ಈ ಮಾತನ್ನು ನಾನು ಹನ್ನೊಂದು ವರ್ಷದ ಹಿಂದೆಯೇ ಒಬ್ಬ ವಿದ್ಯಾರ್ಥಿನಿಯ ಬಾಯಿಂದ ಕೇಳಿದ್ದೆ, ಅದೇ ಕಿಟಕಿಯಲ್ಲಿ.

ಆ ಹುಡುಗಿಯ ಹೆಸರು ಹೇಳುವುದಿಲ್ಲ. ಅದನ್ನು ಹೇಳುವ ಹಕ್ಕು ಅವಳದು. ಎರಡು ಹಾಳೆ, ಎರಡೂ ಬದಿ ಬರೆದಿದ್ದಳು. ಮೂಲೆಗೆ ಗುಂಡುಸೂಜಿ ಚುಚ್ಚಿದ್ದಳು. ನಾನು ತಿರುವಿ ನೋಡಿ, "ಮುಖ್ಯಸ್ಥರ ಸಹಿ ಎಲ್ಲಮ್ಮ?" ಎಂದೆ.

"ಸಾರ್, ಬರೆದಿರೋದೇ ಅವರ ಬಗ್ಗೆ."

"ಅದೆಲ್ಲ ನಂಗೊತ್ತಿಲ್ಲ. ನಾನು ನಂಬರ್ ಹಾಕೋನು, ಓದೋನಲ್ಲ. ಸಹಿ ಮಾಡಿಸ್ಕೊಂಡು ಬಾ, ಐದು ನಿಮಿಷದ ಕೆಲಸ."

ಐದು ನಿಮಿಷದ ಕೆಲಸ! ಹಿಂದೆ ನಿಂತಿದ್ದ ಯಾರೋ ನಕ್ಕರು. ನಾನೂ ನಕ್ಕೆನೇ? ನಕ್ಕಿರಬೇಕು.

ಮೂರು ವಾರದ ನಂತರ ಮತ್ತೆ ಬಂದಳು, ವರ್ಗಾವಣೆ ಪತ್ರ ಕೇಳಿ. ಆ ಅರ್ಜಿಯ ಮೇಲೆ ಮುಖ್ಯಸ್ಥರ ಸಹಿ ಇತ್ತು, ದುಂಡಗೆ, ಹಸಿರು ಶಾಯಿಯಲ್ಲಿ. ಅಂದೇ ಮುಗಿಸಿಕೊಟ್ಟೆ. "ನೋಡಮ್ಮ, ಕ್ರಮವಾಗಿ ಬಂದ್ರೆ ಎಷ್ಟು ಬೇಗ ಆಗತ್ತೆ" ಎಂದೂ ಹೇಳಿದೆ. ಅವಳು ಪತ್ರ ತೆಗೆದುಕೊಂಡು "ಥ್ಯಾಂಕ್ಸ್ ಸಾರ್" ಎಂದಳು.

ನಾನು ಓದಿರಲಿಲ್ಲ, ನನಗೇನು ಗೊತ್ತು? ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡ ಮಾತಿದು. ಈಗಲೂ ಇಲ್ಲಿಗೇ ನಿಲ್ಲಿಸಬೇಕೆಂದು ಮನೆಯಿಂದ ಲೆಕ್ಕ ಹಾಕಿಕೊಂಡು ಬಂದಿದ್ದೆ. ಆದರೆ ಮಗಳು ಎದುರಿಗೇ ಕುಳಿತಿದ್ದಾಳೆ.

ಮರುವರ್ಷ ನನ್ನ ಮಗಳಿಗೆ ಅದೇ ವಿಭಾಗದಲ್ಲಿ ಸೀಟು ಸಿಕ್ಕಿತು. ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ. ನಾನು ಬೇಡವೆಂದೆ. ಬಸ್ಸಿನಲ್ಲಿ ಆರು ಗಂಟೆ ಕೂತು ಹೋಗಬೇಕಾದ ಊರಿಗೆ ಕಳಿಸಿದೆ. ಅವಳು ಅತ್ತಳು, "ಯಾಕಪ್ಪಾ? ನಂಗೆ ಇಲ್ಲೇ ಓದ್ಬೇಕು." ನನ್ನ ಹೆಂಡತಿ ನಾಲ್ಕು ದಿನ ನನ್ನೊಡನೆ ಮಾತು ಬಿಟ್ಟಳು. ಅಲ್ಲಿ ಗ್ರಂಥಾಲಯ ದೊಡ್ಡದು ಎಂದು ನಾನು ಹೇಳಿದೆ.

ಮಗಳೇ, ಆ ಗ್ರಂಥಾಲಯವನ್ನು ನಾನು ಕಂಡೇ ಇಲ್ಲ. ನಾನು ಆ ಎರಡು ಹಾಳೆಗಳನ್ನು ಓದಿದ್ದೆ. ಅವಳು ಕಿಟಕಿಯ ಆಚೆ ನಿಂತಿರುವಾಗಲೇ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ.

ಆ ಮುಖ್ಯಸ್ಥರು ಇದೇ ಸಭಾಂಗಣದಲ್ಲಿ ಗೌರವದಿಂದ ನಿವೃತ್ತರಾದರು. ಅವರ ಅಭಿನಂದನಾ ಪತ್ರವನ್ನು ಟೈಪು ಮಾಡಿದವನೂ ನಾನೇ. ಇಂದಿಗೂ ಅವರು ಸಂಶೋಧನಾ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರು. ಇಂದಿಗೂ ಅವರ ಕೋಣೆಯ ಬಾಗಿಲು ಒಳಗಿನಿಂದ ಹಾಕಿಕೊಳ್ಳುತ್ತದೆ.

ಮಾನ್ಯ ಕುಲಪತಿಗಳೇ, ನನ್ನ ಜೇಬಿನಲ್ಲೊಂದು ಪತ್ರವಿದೆ. ಆ ದಿನ ದೂರೊಂದು ಬಂದಿತ್ತು, ನಾನು ಓದಿದೆ, ಓದಿಯೂ ತಿರಸ್ಕರಿಸಿದೆ ಎಂದಷ್ಟೇ ಅದರಲ್ಲಿದೆ. ನೇರ ನಿಮಗೇ ಬರೆದಿದ್ದೇನೆ, ಯಾರ ಮೂಲಕವೂ ಇಲ್ಲ. ನಾಳೆಯಿಂದ ನನ್ನ ಕುರ್ಚಿಯಲ್ಲಿ ಕೂರುವ ತಂಗಿ ಕೊನೆಯ ಸಾಲಿನಲ್ಲಿದ್ದಾಳೆ. ಈ ಶಾಲು, ಫಲಕಗಳನ್ನು ಇಲ್ಲೇ ಇಟ್ಟು, ಕೆಳಗಿಳಿದು ಪತ್ರವನ್ನು ಅವಳ ಕೈಗೆ ಕೊಡುತ್ತೇನೆ. ಇದು ಕ್ರಮವಾಗಿಲ್ಲ, ತಂಗಿ. ಆದರೂ ದಯವಿಟ್ಟು ಒಂದು ನಂಬರ್ ಹಾಕು.

ಇಷ್ಟು ಹೊತ್ತು ಎದ್ದುಹೋಗದೆ ಕೇಳಿದ್ದಕ್ಕೆ ನಿಮ್ಮೆಲ್ಲರಿಗೂ ಕೃತಜ್ಞ. ನಮಸ್ಕಾರ.