ಓಣಿಯವರು ಅಳಿಸದ ಸಾಲು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಶ್ರೀಮಂತ ಅಂದ ಕೂಡಲೇ ನಮ್ಮ ಚರ್ಚಿನ ಹಿಂದಿನ ಬೆಂಚಿನವರು ಆರಾಮಾಗಿ ಒರಗಿ ಕೂತದ್ದು ನನಗೆ ಕಾಣಿಸಿತು. ಇವತ್ತು ಬೈಸಿಕೊಳ್ಳುವ ಸರದಿ ನಮ್ಮದಲ್ಲ ಅಂದುಕೊಂಡಿರಿ. ಸ್ವಲ್ಪ ತಡೆಯಿರಿ, ನಿಮ್ಮ ಬೆಂಚಿಗೂ ಬರುತ್ತೇನೆ.

ಈ ಶ್ರೀಮಂತ ಕೆಟ್ಟವನಲ್ಲ. ದೊಡ್ಡ ಜವಳಿ ಅಂಗಡಿ, ಮಾಳಿಗೆ ಮನೆ, ಹೆಂಡತಿ ಮಕ್ಕಳು, ಊರಲ್ಲಿ ಒಳ್ಳೆಯ ಹೆಸರು, ಎಲ್ಲವೂ ಇತ್ತು. ಆದರೆ ನೋಡಿ, ಅವನ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿರಲಿಲ್ಲ. ನಮ್ಮ ಈ ಸೀಮೆಯಲ್ಲಿ ಜೋಳ ಇಲ್ಲದ ಮನೆ ಉಂಟೇ? ಅವನ ಮನೆಯಲ್ಲಿ ಒಂದು ಕಾಳು ಜೋಳ ಇರಲಿಲ್ಲ. ಯಾಕೆ ಅಂತ ಹೆಂಡತಿಗೂ ಅವನು ಹೇಳಿರಲಿಲ್ಲ.

ಅವನು ಆ ಮನೆಗೆ ದತ್ತು ಬಂದವನು. ಹತ್ತು ವರ್ಷದವನಿದ್ದಾಗ ಮನೆಯಲ್ಲೊಂದು ಜಗಳವಾಗಿ, ಸೋದರತ್ತೆ ಸಿಟ್ಟಿನಲ್ಲಿ ಅಂದುಬಿಟ್ಟಳು, "ನಿನ್ನ ಹಡದಾಕಿ ಒಂದು ಚೀಲ ಜ್ವಾಳಕ್ಕ ನಿನ್ನ ಕೊಟ್ಟಾಳ." ಅಷ್ಟೇ ಮಾತು. ಅಂದಿನಿಂದ ಅವನು ತಟ್ಟೆಯಲ್ಲಿ ರೊಟ್ಟಿ ಕಂಡರೆ ಎದ್ದು ಹೋಗುತ್ತಿದ್ದ. ಹಡೆದವಳ ಹೆಸರನ್ನು ಯಾರ ಹತ್ತಿರವೂ ಕೇಳಲಿಲ್ಲ. ಕೇಳಲಿಲ್ಲ ಅಂದರೆ ಆಸೆ ಇರಲಿಲ್ಲ ಅಂತಲ್ಲ. ಅಂಗಡಿಗೆ ನೇಕಾರ ಹೆಂಗಸರು ಕಂಕುಳಲ್ಲಿ ಕೂಸು ಹೊತ್ತುಕೊಂಡು ಬಂದರೆ ಅವನ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ನನ್ನನ್ನೂ ಒಬ್ಬಾಕೆ ಹೀಗೆ ಹೊತ್ತಿದ್ದಳೇ? ಇಳಿಸುವಾಗ ಅವಳಿಗೆ ಏನಾದರೂ ಅನಿಸಿತೇ? ಐವತ್ತು ದಾಟಿದ ಗಂಡಸು ಇಂಥದ್ದನ್ನು ಯಾರಿಗೆ ಹೇಳಿಕೊಂಡಾನು, ಹೇಳಿ.

ಒಂದು ದಿನ ಸೀರೆ ಮಾರಲು ಬಂದ ಮುದುಕ ನೇಕಾರನೊಬ್ಬನನ್ನು ಯಾವ ಊರು ಅಂತ ಕೇಳಿದ. ಮುದುಕ ಹೇಳಿದ. ಶ್ರೀಮಂತನ ಬಾಯಿಂದ ತಾನಾಗಿ ಮಾತು ಜಾರಿತು, ನಾನೂ ಅಲ್ಲೇ ಹುಟ್ಟಿದವನಂತೆ, ಪ್ಲೇಗಿನ ವರ್ಷ ದತ್ತು ಬಂದೆನಂತೆ ಅಂತ. ಮುದುಕ ಸೀರೆ ಮಡಿಸುವುದನ್ನು ಬಿಟ್ಟು ಅವನ ಮುಖವನ್ನೇ ನೋಡಿದ. ನೋಡಿ ಮೆಲ್ಲಗೆ ಅಂದ, "ಸಾವ್ಕಾರ್ರ, ಆ ವರ್ಷ ನಮ್ಮೂರಿಂದ ದತ್ತು ಹೋದ ಕೂಸು ಒಂದ. ನಿಮ್ಮವ್ವನ ಮಾತು ನಮ್ಮ ಮನ್ಯಾಗ ಅದಾವ್ರಿ."

ಮರುದಿನವೇ ಒಂದು ಹಳೇ ಕಾಗದ ತಂದುಕೊಟ್ಟ. ಅದರಲ್ಲಿ ಹೀಗಿತ್ತು:

"ನನ್ನ ಕೂಸ, ಊರಾಗ ಬ್ಯಾನಿ ಬಂದೈತಿ. ನನ್ನ ಕಂಕುಳಾಗ ಗಂಟು ಎದ್ದೈತಿ. ನಾ ನಿನ್ನ ಎತ್ತಿಕೊಂಡ್ರ ನೀನೂ ಉಳಿಯಂಗಿಲ್ಲ ಅಂತ ನಿನ್ನ ಕಳಿಸೀನಿ. ಒಯ್ದವರು ಬಾಗಲದಾಗ ಒಂದು ಚೀಲ ಜ್ವಾಳ ಇಟ್ಟು ಹೋದ್ರು. ನಾ ಅದರ ಬಾಯಿ ಬಿಚ್ಚಿಲ್ಲ. ಎರಡು ದಿನ ನೀರು ಕೇಳಿದೆ, ಓಣ್ಯಾಗಿನವರು ಒಬ್ಬರೂ ಬರಲಿಲ್ಲ. ಅವರ ಮ್ಯಾಲ ಸಿಟ್ಟು ಇಡಬ್ಯಾಡ. ನೀ ದೊಡ್ಡಾವಾದ ಮ್ಯಾಲ ಒಮ್ಮಿ ಬಂದು ಈ ಬಾಗಲದಾಗ ನಿಂದ್ರು. ನಾ ಇರಂಗಿಲ್ಲ. ಆದ್ರೂ ಬಾ."

ಇದನ್ನು ಓದಿ ಅವನು ಕಣ್ಣೀರು ಹಾಕಿದ ಅಂದುಕೊಂಡಿರಾ? ಇಲ್ಲ. ಅವನಿಗೆ ಭಯವಾಯಿತು. ನಲವತ್ತು ವರ್ಷ ಬೇಕು ಬೇಕು ಅಂದುಕೊಂಡದ್ದು ಒಮ್ಮೆಲೇ ಕೈಗೆ ಬಂದರೆ ಯಾರಿಗೂ ಭಯವಾಗುತ್ತದೆ. ಇದು ಸುಳ್ಳಾದರೆ? ಇನ್ನೊಂದು ಸಲ ಅನಾಥನಾಗುವ ಶಕ್ತಿ ಅವನಲ್ಲಿ ಇರಲಿಲ್ಲ. ಕಾಗದ ತೆಗೆದುಕೊಂಡು ಸೀದಾ ತನ್ನ ಗೆಳೆಯ ವಕೀಲನ ಮನೆಗೆ ಹೋದ.

ವಕೀಲ ಕನ್ನಡಕ ಏರಿಸಿ ಓದಿದ. ಇದು ಮೂಲ ಪ್ರತಿಯೇ ಅಂತ ಕೇಳಿದ. ಅಲ್ಲ. ಮುದುಕ ಹೇಳಿದ್ದನ್ನು ಶ್ರೀಮಂತ ತಿಳಿಸಿದ. ತಾಯಿಗೆ ಬರೆಯಲು ಬರುತ್ತಿರಲಿಲ್ಲ. ಮೂರನೆಯ ದಿನ ಸಾಲೀ ಮಾಸ್ತರರು ಅಂಗಳದಲ್ಲಿ ನಿಂತರು, ಅವಳು ಒಳಗಿನಿಂದ ಹೇಳಿದಳು, ಅವರು ಬರೆದುಕೊಂಡರು. ಊರಿಗೆ ಊರೇ ಹೊಲಕ್ಕೆ ಹೋಗಿ ಗುಡಿಸಲು ಹಾಕಿಕೊಂಡ ಕಾಲ ಅದು. ಯಾರ ಮನೆ ಉಳಿಯುತ್ತದೋ, ಯಾರ ಮನೆ ಅಳಿಯುತ್ತದೋ ಯಾರಿಗೂ ಗೊತ್ತಿರಲಿಲ್ಲ. ಕೂಸನ್ನು ಒಯ್ದವರ ವಿಳಾಸವೂ ಗೊತ್ತಿರಲಿಲ್ಲ. ಹಾಗಾಗಿ ಮಾಸ್ತರರು ಗುಡಿಸಲ ಮುಂದೆ ಕೂತು ಅದನ್ನು ಓದಿ ಹೇಳಿ, ಅಕ್ಷರ ಬಲ್ಲ ಮನೆಯವರೆಲ್ಲ ಒಂದೊಂದು ಪ್ರತಿ ಬರೆದಿಟ್ಟುಕೊಳ್ಳಿ, ಯಾರಾದರೊಬ್ಬರು ಉಳಿದು ಆ ಕೂಸಿಗೆ ಮುಟ್ಟಿಸಲಿ ಅಂದರು. ಆಮೇಲೆ ರೋಗದ ಮನೆಯ ಸಾಮಾನೆಲ್ಲ ಸುಟ್ಟಾಗ, ಆ ಅಂಗಳದಿಂದ ಬಂದದ್ದು ಅಂತ ಮೂಲ ಕಾಗದವನ್ನೂ ಸುಟ್ಟರು.

ವಕೀಲ ಕಾಗದ ಕೆಳಗಿಟ್ಟ. ಮೂಲ ಇಲ್ಲ, ಇದು ನಕಲು. ಅದೂ ಐವತ್ತು ವರ್ಷದ ಹಳೆಯದು. ಸಾವ್ಕಾರನ ತಾಯಿಯ ಬಗ್ಗೆ ನಾಲ್ಕು ಒಳ್ಳೇ ಮಾತು ಬರೆದುಕೊಡುವುದು ಯಾರಿಗೆ ಕಷ್ಟ ಅಂತ ಕೇಳಿದ. ನೋಡಿ, ನನಗೆ ಈ ವಕೀಲನ ಮೇಲೆ ಸಿಟ್ಟಿಲ್ಲ. ಕೇಳಬೇಕಾದ ಪ್ರಶ್ನೆಯನ್ನೇ ಅವನು ಕೇಳಿದ. ಪ್ರಶ್ನೆ ಕೇಳಿದವರನ್ನು ನಂಬಿಕೆ ಇಲ್ಲದವರು ಅಂತ ಬಾಗಿಲ ಹೊರಗೆ ನಿಲ್ಲಿಸುವ ಚಾಳಿ ನಮ್ಮದು, ಅವನದಲ್ಲ.

ಇಬ್ಬರೂ ಸೇರಿ ಉಳಿದ ಪ್ರತಿಗಳನ್ನು ಹುಡುಕಿದರು. ಒಂದು ಮನೆಯವರು ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋಗಿದ್ದರು. ಇನ್ನೊಂದು ಮನೆಯ ಮಗಳು ಇಳಕಲ್ಲಿಗೆ ಲಗ್ನವಾಗಿ ಹೋಗುವಾಗ ಕಾಗದವನ್ನು ಸೀರೆಯ ಮಡಿಕೆಯಲ್ಲಿ ಒಯ್ದಿದ್ದಳು. ಮತ್ತೊಬ್ಬರು ಗುಳೇದಗುಡ್ಡದಲ್ಲಿದ್ದರು. ಇವರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ಎಷ್ಟೋ ವರ್ಷವಾಗಿತ್ತು. ಕೊನೆಗೆ ನಾಲ್ಕು ಪ್ರತಿಗಳನ್ನು ಅಂಗಡಿಯಲ್ಲಿ ಬಿಳಿ ಬಟ್ಟೆಯ ಮೇಲೆ ಹಾಸಿ ಕೂತರು. ವಕೀಲ ಕೆಂಪು ಪೆನ್ಸಿಲ್ ತೆಗೆದ. ಅವನಿಗೆ ಹಬ್ಬ.

ವ್ಯತ್ಯಾಸಗಳು ಇದ್ದವು. ಇದ್ದವು ಅಂತ ನಾನು ಒಪ್ಪಿ ಹೇಳುತ್ತೇನೆ. ಒಂದರಲ್ಲಿ ಮಾತು ಹಿಂದುಮುಂದಾಗಿತ್ತು. ಒಂದರ ಕೊನೆಯ ಸಾಲನ್ನು ಇಲಿ ತಿಂದಿತ್ತು. ಇನ್ನೊಂದರಲ್ಲಿ ಯಾರೋ ಪುಣ್ಯಾತ್ಮರು ಕೊನೆಗೆ "ದೇವರು ನಿನಗ ಚಲೋ ಮಾಡ್ಲಿ" ಅಂತ ತಮ್ಮದೊಂದು ಸೇರಿಸಿದ್ದರು. ಆದರೆ ಒಂದು ಪ್ರತಿ ತಪ್ಪಿದ ಕಡೆ ಉಳಿದ ಮೂರು ತಪ್ಪಿರಲಿಲ್ಲ. ನಾಲ್ಕನ್ನೂ ಪಕ್ಕಕ್ಕೆ ಪಕ್ಕ ಇಟ್ಟರೆ ಸೇರಿಸಿದ್ದು ಯಾವುದು, ಬಿಟ್ಟದ್ದು ಯಾವುದು ಅಂತ ತಿಳಿಯುತ್ತಿತ್ತು. ಜೋಳದ ಚೀಲ ನಾಲ್ಕರಲ್ಲೂ ಇತ್ತು. ಅದರ ಬಾಯಿ ಬಿಚ್ಚಲಿಲ್ಲ ಅನ್ನುವುದೂ ನಾಲ್ಕರಲ್ಲೂ ಇತ್ತು.

ಒಂದು ಸಾಲಿಗೆ ಬಂದಾಗ ಕೆಂಪು ಪೆನ್ಸಿಲ್ ನಿಂತಿತು. ಎರಡು ದಿನ ನೀರು ಕೇಳಿದೆ, ಓಣ್ಯಾಗಿನವರು ಒಬ್ಬರೂ ಬರಲಿಲ್ಲ. ಇದೂ ನಾಲ್ಕರಲ್ಲೂ ಇತ್ತು. ವಕೀಲ ಕನ್ನಡಕ ತೆಗೆದಿಟ್ಟ. ಆಮೇಲೆ ಅಂದ, "ಗೆಳೆಯಾ, ಈ ನಾಕೂ ಮಂದಿ ಆ ಓಣಿಯವರ. ನೀರು ಕೊಡದವರು ಇವರ. ಸುಳ್ಳು ಬರಿಯೂ ಮನಶ್ಯಾ ತನ್ನ ಮರ್ಯಾದಿ ತಾನ ಕಳೀತಾನೇನು?"

ಶ್ರೀಮಂತ ಆ ಓಣಿಗೆ ಹೋದ. ಅವನ ತಾಯಿಯ ಪಕ್ಕದ ಮನೆಗೆ ಆ ವರ್ಷ ಸೊಸೆಯಾಗಿ ಬಂದಿದ್ದವಳು ಇನ್ನೂ ಬದುಕಿದ್ದಳು, ಎಪ್ಪತ್ತರ ಹತ್ತಿರದ ಮುದುಕಿ. ಆಗ ಗುಡಿಸಲು ಬಿಟ್ಟು ಊರಿಗೆ ವಾಪಸು ಬಂದ ದಿನದ ನೆನಪಿಗೆ, ಪ್ರತಿ ವರ್ಷ ಒಲೆ ಹಚ್ಚುವ ಮೊದಲು ಓಣಿಯವರು ಆ ಕಾಗದವನ್ನು ಓದಿಸುತ್ತಿದ್ದರಂತೆ. ಆ ಸಾಲನ್ನು ಅಳಿಸಬೇಕು ಅಂತ ಯಾರಿಗೂ ಅನಿಸಲಿಲ್ಲವೇ ಅಂತ ಅವನು ಕೇಳಿದ.

"ನಮ್ಮ ಮಾವ ಒಮ್ಮಿ ಅಳಸಾಕ ಕುಂತಿದ್ದಪ್ಪಾ," ಅಂದಳು ಮುದುಕಿ. "ಕೈ ಬರಲಿಲ್ಲ. ಆಕಿ ಮಾತು ಆಕೀವು, ನಮ್ಮವಲ್ಲ. ಆಕಿ ದನಿ ನಾ ಕೇಳೀನಿ. ನನ್ನ ಸೊಂಟದ ಮ್ಯಾಲ ತುಂಬಿದ ಕೊಡ ಇತ್ತು. ನಾ ಹೋಗಲಿಲ್ಲ."

ಅವನು ಬಿಡಲಿಲ್ಲ. ಯಾವ ದಿನ, ಯಾವ ಬಾಗಿಲು, ಮಾಸ್ತರರು ಎಲ್ಲಿ ನಿಂತಿದ್ದರು, ಚೀಲ ಏನಾಯಿತು ಅಂತ ಕೇಳುತ್ತಲೇ ಹೋದ. ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ಚೀಲದ ಹೊಲಿಗೆ ಹಾಗೇ ಇತ್ತು, ಅದನ್ನೂ ಮನೆಯ ಸಾಮಾನಿನ ಜೊತೆ ಸುಟ್ಟರು ಅಂದಳು. ಅವನು ಮತ್ತೆ ಬಾಯಿ ತೆರೆದಾಗ ಮುದುಕಿ ಅವನ ಕೈ ಹಿಡಿದುಕೊಂಡಳು.

"ತಮ್ಮಾ, ಸಾಕ್ಷಿ ಕೇಳೂದು ಆತು. ಫೌಜದಾರನಂಗ ಎಷ್ಟು ಓದತಿ? ಒಮ್ಮಿ ಮಗ ಆಗಿ ಓದು."

ಕಾಗದ ಸಿಕ್ಕಿ ಮೂರು ತಿಂಗಳಾಗಿತ್ತು. ಅದರ ಒಂದೊಂದು ಮಾತೂ ಅವನಿಗೆ ಬಾಯಿಪಾಠ. ಆದರೆ ಅದು ತನಗೆ ಬರೆದದ್ದು ಅಂತ ಒಂದು ಸಲವೂ ಓದಿರಲಿಲ್ಲ. ಎದ್ದು ಹೋಗಿ ಆ ಬಾಗಿಲಲ್ಲಿ ನಿಂತ. ಮನೆ ಬಿದ್ದುಹೋಗಿತ್ತು, ಹೊಸ್ತಿಲು ಮಾತ್ರ ಇತ್ತು. "ನನ್ನ ಕೂಸ" ಅಂತ ಓದಿದ. ಮುಂದೆ ಓದಲು ಆಗಲಿಲ್ಲ. ತಲೆ ನರೆತ ಗಂಡಸು ಆ ಹೊಸ್ತಿಲ ಮೇಲೆ ಕೂತು ಅವ್ವಾ ಅಂತ ಅತ್ತ. ಹುಟ್ಟಿದ ಮೇಲೆ ಆ ಮಾತನ್ನು ಹಡೆದವಳಿಗಾಗಿ ಅಂದದ್ದು ಅದೇ ಮೊದಲು. ಐವತ್ತು ವರ್ಷ ಕರೆ ಅಲ್ಲೇ ಇತ್ತು, ತಾನೇ ಬರಲಿಲ್ಲ ಅನ್ನುವುದು ಅವನನ್ನು ಸುಟ್ಟಿತು. ಅತ್ತು ಮುಗಿದ ಮೇಲೆ ಮುದುಕಿಯನ್ನು ಒಂದು ರೊಟ್ಟಿ ಕೇಳಿದ. ಜೋಳದ ರೊಟ್ಟಿ. ಅಲ್ಲೇ ಕೂತು ತಿಂದ.

ಪ್ರಿಯರೇ, ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಒಬ್ಬ ಹೆಣ್ಣುಮಗಳು ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿದಳು, "ಅಯ್ಯನವರ, ಬೈಬಲ್‌ನಾಗ ಇರೂದು ಖರೇನ ನಡದದ್ದೇನ್ರಿ, ಇಲ್ಲಾ ಆಮ್ಯಾಲ ಯಾರೋ ಕಟ್ಟಿದ್ದೋ?" ನಾನು ಏನಂದೆ ಗೊತ್ತೇ? ಸುಮ್ಮನೆ ನಂಬಮ್ಮ ಅಂದೆ. ವಾರವಿಡೀ ನನಗೆ ನಾಚಿಕೆ. ಹಸಿದು ಬಂದವಳಿಗೆ ಊಟ ಆಮೇಲೆ ಅಂದ ಹಾಗಾಯಿತು.

ಇವತ್ತು ಹೇಳುತ್ತೇನೆ ಕೇಳಮ್ಮ. ಮೂಲ ಪ್ರತಿ ನಮ್ಮಲ್ಲಿಲ್ಲ, ನಿಜ. ಹಿಂಸೆ ಎದ್ದ ಕಾಲದಿಂದಲೂ ಸಭೆಗಳು ಕೈಯಿಂದ ಬರೆದುಕೊಂಡು ಉಳಿಸಿದ ಪ್ರತಿಗಳಿವೆ, ನಾಲ್ಕಲ್ಲ, ಸಾವಿರಾರು. ಒಂದು ದೇಶದ್ದನ್ನು ಇನ್ನೊಂದು ದೇಶದ್ದರ ಪಕ್ಕ ಇಟ್ಟು ಕೆಂಪು ಪೆನ್ಸಿಲ್ ಹಿಡಿದವರು ನಮಗಿಂತ ಮೊದಲೇ ಕೂತಿದ್ದಾರೆ. ವ್ಯತ್ಯಾಸಗಳಿವೆ. ಸಂದೇಹವಿರುವ ಸಾಲುಗಳನ್ನು ಪುಟದ ಕೆಳಗೆ ಟಿಪ್ಪಣಿ ಹಾಕಿ ತೋರಿಸಿದ್ದಾರೆ, ಮುಚ್ಚಿಟ್ಟಿಲ್ಲ. ಸತ್ತ ಸಮುದ್ರದ ದಂಡೆಯ ಗವಿಯಲ್ಲಿ ಕುರಿ ಕಾಯುವವರಿಗೆ ಪ್ರವಾದಿ ಯೆಶಾಯನ ಗ್ರಂಥದ ಸುರುಳಿ ಸಿಕ್ಕಿತಲ್ಲ, ಅದು ಅಲ್ಲಿಯವರೆಗೆ ಕೈಲಿದ್ದ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು. ತೆರೆದು ನೋಡಿದರೆ ಅದೇ ಯೆಶಾಯ, ಸಣ್ಣಪುಟ್ಟ ವ್ಯತ್ಯಾಸ ಬಿಟ್ಟರೆ ಅದೇ ಮಾತು. ಇನ್ನು ನಾಚಿಕೆಯ ಸಾಲು? ಸ್ವಾಮಿಯನ್ನು ಹಿಡಿದೊಯ್ದ ರಾತ್ರಿ ಅವನನ್ನು ನಾನರಿಯೆ ಅಂದವನು ಶಿಷ್ಯ ಪೇತ್ರ, ಬಿಟ್ಟು ಓಡಿದವರು ಉಳಿದ ಶಿಷ್ಯರು. ಆ ಕಥೆಯನ್ನು ಊರೂರಿಗೆ ಒಯ್ದವರೂ ಅವರೇ. ಕಟ್ಟುಕಥೆ ಕಟ್ಟುವವರು ತಮ್ಮನ್ನು ವೀರರು ಅಂತ ಕಟ್ಟಿಕೊಳ್ಳುವುದಿಲ್ಲವೇ? ಹೆಂಗಸರ ಸಾಕ್ಷಿಗೆ ಬೆಲೆಯಿಲ್ಲದ ಕಾಲದಲ್ಲಿ ಸ್ವಾಮಿಯ ಖಾಲಿ ಸಮಾಧಿಯನ್ನು ಮೊದಲು ಕಂಡವರು ಹೆಂಗಸರು ಅಂತ ಯಾಕೆ ಬರೆದರು? ಹಾಗೆ ನಡೆಯಿತು, ಅದಕ್ಕೆ ಬರೆದರು. ಆ ಮಾತು ಅವರದಲ್ಲ, ಅಳಿಸಲು ಕೈ ಬರಲಿಲ್ಲ.

ಆದರೆ ಒಂದು ಮಾತು. ಇದೆಲ್ಲ ನಿಮ್ಮನ್ನು ಹೊಸ್ತಿಲವರೆಗೆ ತರುತ್ತದೆ, ಅಷ್ಟೇ. ನಮ್ಮ ಮನೆಗಳಲ್ಲಿ ಮದುವೆಗೆ ಕೊಟ್ಟ ಬೈಬಲ್ ಒಂದು, ಸಭೆಗೆ ಸೇರುವ ದೃಢೀಕರಣಕ್ಕೆ ಕೊಟ್ಟದ್ದು ಒಂದು. ಪ್ಲಾಸ್ಟಿಕ್ ಹೊದಿಕೆ ಹಾಕಿ ಕಪಾಟಿನ ಮೇಲೆ ಇಟ್ಟಿದ್ದೇವೆ, ಕೆಟ್ಟ ಕನಸು ಬಿದ್ದರೆ ದಿಂಬಿನ ಕೆಳಗೆ ಇಡುತ್ತೇವೆ. ಅದು ಖರೆಯೋ ಸುಳ್ಳೋ ಅಂತ ಫೋನಿನಲ್ಲಿ ಬಂದದ್ದನ್ನು ಹತ್ತು ಜನರಿಗೆ ಕಳಿಸುತ್ತೇವೆ. ಓದುವುದು ಯಾವಾಗ? ಹಿಂದಿನ ಬೆಂಚಿನವರೇ, ಬಂದೆ ನೋಡಿ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ನಾನು ಭಾನುವಾರದ ಪ್ರಸಂಗಕ್ಕಾಗಿ ಓದುತ್ತೇನೆ, ಮಗನಾಗಿ ಓದಿ ಎಷ್ಟು ದಿನವಾಯಿತೋ.

ನಾಳೆ ಬೆಳಿಗ್ಗೆ, ಒಲೆ ಹಚ್ಚುವ ಮೊದಲು, ಫೋನು ಮುಟ್ಟುವ ಮೊದಲು, ಆ ಹೊದಿಕೆ ತೆಗೆಯಿರಿ. ಲೂಕನ ಸುವಾರ್ತೆಯಿಂದ ಶುರು ಮಾಡಿ. ಕಣ್ಣಾರೆ ಕಂಡವರನ್ನು ಆಧರಿಸಿ ಬರೆದೆ ಅಂತ ಅವನು ಮೊದಲಿಗೇ ಹೇಳುತ್ತಾನೆ. ದಿನಕ್ಕೆ ಒಂದು ಅಧ್ಯಾಯ ಸಾಕು, ಮನೆಯವರಿಗೆ ಕೇಳುವಂತೆ ಬಾಯಿಬಿಟ್ಟು ಓದಿ. ಸಂಶಯ ಬಂದ ಕಡೆ ಗುರುತು ಹಾಕಿ, ಬುಧವಾರ ಸಂಜೆ ನನ್ನ ಮನೆಗೆ ತನ್ನಿ, ಬಯ್ಯುವುದಿಲ್ಲ. ನೀನೂ ಬಾರಮ್ಮ, ಕೆಂಪು ಪೆನ್ಸಿಲ್ ಹಿಡಿದುಕೊಂಡೇ ಬಾ. ಆದರೆ ಪೆನ್ಸಿಲ್ ಕೆಳಗಿಟ್ಟು ದಿನಕ್ಕೆ ಒಂದು ಸಲವಾದರೂ ಅದನ್ನು ನಿನಗೆ ಬರೆದದ್ದು ಅಂತ ಓದು.

ಆ ತಾಯಿ ತಾನು ಇರುವುದಿಲ್ಲ ಅಂತ ಗೊತ್ತಿದ್ದೂ ಬಾ ಅಂದಳು. ನಮ್ಮನ್ನು ಕರೆದವನು ಬಾಗಿಲಲ್ಲೇ ನಿಂತಿದ್ದಾನೆ. ಐವತ್ತು ವರ್ಷ ಕಾಯಿಸಬೇಡಿ.