ಮೂರನೇ ಬೋಗಿಯ ಬಾಗಿಲು

ನಗೋರು ನಗಿ. ಇದು ನಮ್ಮ ದೊಡ್ಡಮ್ಮನ ಮಗನಿಗೇ ಆಗಿದ್ದು.

ಕೊನೇ ರೈಲಿನ ಡ್ಯೂಟಿ ಮುಗಿಸಿ ಅಣ್ಣ ಮನೆಗೆ ನಡ್ಕೊಂಡು ಬರ್ತಿದ್ದ. ಆಲದ ಮರದ ಹತ್ತಿರ ಬಂದಾಗ ಮುಂದೆ ಯಾರೋ ನಡೆಯೋ ಸದ್ದು... ದಾರಿಗೆ ಸುರಿದಿದ್ದ ಜಲ್ಲಿ ಮೇಲೆ ಚರಕ್... ಚರಕ್. ಕಣ್ಣಿಗೆ ಯಾರೂ ಕಾಣ್ತಿಲ್ಲ. ಇವನು ನಿಂತ. ಸದ್ದು ನಿಲ್ಲಲಿಲ್ಲ. ಇವನ ಬೀದಿಗೇ ತಿರುಗಿತು.

ಯಾಕೆ ಅಂತ ಹೇಳ್ತೀನಿ, ಕೇಳಿ.

ಮೆಟ್ರೋ ಮುಗಿಯೋ ಕಡೆಯಿಂದ ಊರಾಚೆವರೆಗೆ ಹೊಸ ರೈಲು ಬಿಟ್ರಲ್ಲ, ಅಣ್ಣ ಅದರಲ್ಲಿ ಗಾರ್ಡು. ಮೆಟ್ರೋದಲ್ಲಿ ಎಲ್ಲ ಬಾಗಿಲೂ ತಾನಾಗೇ ತೆರೆಯುತ್ತೆ. ಇದರಲ್ಲಿ ಹಾಗಲ್ಲ. ಹತ್ತೋರು ಹೊರಗಿನ ಗುಂಡಿ ಒತ್ತಬೇಕು, ಒತ್ತಿದ ಬಾಗಿಲು ಮಾತ್ರ ತೆರೆಯುತ್ತೆ. ಕೊನೇ ಸ್ಟೇಷನ್ನಿಗೆ ಮುಂಚೆ ಒಂದು ಸ್ಟೇಷನ್ನು, ಹಳೇ ಬಾವಿ ಪಕ್ಕ. ರಾತ್ರಿ ಅಲ್ಲಿ ಹತ್ತೋಕೆ ನರಪಿಳ್ಳೆಯೂ ಇರಲ್ಲ. ಆದ್ರೂ ದಿನಾ ಮೂರನೇ ಬೋಗಿಯ ಅದೇ ಒಂದು ಬಾಗಿಲು... ಟಿಣ್. ಸುಯ್... ತೆರೆಯೋದು. ಯಾರೂ ಇಲ್ಲ. ಧಪ್. ಮುಚ್ಚೋದು.

ಮೇಲಿನವರಿಗೆ ಇವನ ಮೇಲೇ ಅನುಮಾನ. ಕ್ಯಾಮೆರಾದಲ್ಲಿ ಯಾರೂ ಕಾಣ್ತಿಲ್ಲ, ಹಾಗಾದ್ರೆ ಒಳಗಿಂದ ತೆಗೆಯೋನು ನೀನೇ, ಇನ್ನೊಂದು ಸಲ ಆದ್ರೆ ಕೆಲಸ ಇಲ್ಲ ಅಂದ್ರು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅತ್ತಿಗೆ ಮನೆಯವರು ಹುಡುಗಿ ಕೊಟ್ಟಿದ್ದೇ ಆ ಕೆಲಸ ನೋಡಿ. ಅಣ್ಣನಿಗೆ ಅನುಮಾನ ಬಾವಿ ಸ್ಟೇಷನ್ನಿನ ಕಾವಲುಗಾರನ ಮೇಲೆ. ಕೋಳಿನಿದ್ದೆ ತಾತ ಅಂತಲೇ ಎಲ್ಲರೂ ಕರೆಯೋದು.

“ಗುಂಡಿ ಒತ್ತೋದು ನೀವೇ ತಾನೇ, ತಾತ?”

“ನಿನ್ನ ಅನ್ನಕ್ಕೆ ನಾನ್ಯಾಕಪ್ಪ ಕಲ್ಲು ಹಾಕ್ಲಿ?”

“ಹಾಗಾದ್ರೆ ನಾಳೆ ಆ ಗುಂಡಿಗೆ ಟೇಪು ಹಾಕ್ತೀನಿ.”

ತಾತ ಬಾವಿ ಕಡೆ ನೋಡಿದ. ದನಿ ಇಳಿಸಿದ.

“ಬೇಡ. ಗಾಡಿ ಹತ್ತೋಕೆ ಬಿಡದಿದ್ರೆ... ನಡ್ಕೊಂಡು ಬರುತ್ತೆ.”

ಕುಂಬಳಕಾಯಿ ಕಳ್ಳ ಅಂದ್ರೆ ಮುದುಕ ಹೆಗಲು ಮುಟ್ಟಿ ನೋಡ್ಕೊಳ್ತಿದ್ದಾನೆ ಅಂತ ಅಣ್ಣನಿಗೆ ಖಾತ್ರಿ ಆಯ್ತು. ಮಾರನೇ ದಿನ ಗುಂಡಿ ಮೇಲೆ ಬಿಳಿ ಟೇಪು ಅಂಟಿಸಿ “ಕೆಟ್ಟಿದೆ” ಅಂತ ಕೈಯಾರೆ ಬರೆದ. ಆ ರಾತ್ರಿ ಬಾಗಿಲು ತೆರೆಯಲಿಲ್ಲ. ಬದುಕಿದೆ ಅಂದ್ಕೊಂಡು ಮನೆಗೆ ಹೊರಟ. ಆಲದ ಮರದ ಹತ್ತಿರ ಆ ಸದ್ದು ಕೇಳಿದ್ದು ಅವತ್ತೇ.

ಮನೆ ಮುಂದೆ ಯಾರೂ ಇರಲಿಲ್ಲ. ಬಾಗಿಲ ಪಕ್ಕ, ಬೆಲ್ಲಿನ ಗುಂಡಿ ಮೇಲೆ... ಬಿಳಿ ಟೇಪು. “ಕೆಟ್ಟಿದೆ.” ಅವನದೇ ಅಕ್ಷರ.

ಬೀಗ ತೆಗೆದು ಒಳಗೆ ಹೋದ. ಅತ್ತಿಗೆ ಎದ್ದು ಕೂತಿದ್ರು.

“ಈಗ ತಾನೇ ಬೆಲ್ಲಾಯ್ತು ರೀ... ನೀವೇ ಅಂತ ಬಾಗಿಲು ತೆಗೆದೆ.”

“ಯಾರಿದ್ರು?”

“ಯಾರೂ ಇಲ್ಲ. ಮುಚ್ಚಿಬಿಟ್ಟೆ.”

ಅಣ್ಣ ತಿರುಗಿ ಮನೆಯೊಳಗೆಲ್ಲ ಕಣ್ಣಾಡಿಸಿದ. ದಿನಾ ಗಾಡಿಯಲ್ಲಿ ಆಗ್ತಿದ್ದದ್ದೂ ಅಷ್ಟೇ ತಾನೇ.

ಕೆಲಸ ಉಳೀತು, ಖಾಯಂ ಕೂಡ ಆಯ್ತು. ಗಾಡಿಯ ಗುಂಡಿ ಮೇಲೆ ಮಾರನೇ ದಿನ ಟೇಪು ಇರಲಿಲ್ಲ. ಆದ್ರೂ ಬಾವಿ ಸ್ಟೇಷನ್ನಿನಲ್ಲಿ ಆ ಬಾಗಿಲು ಮತ್ತೆ ತೆರೆದೇ ಇಲ್ಲ.

ಹೋದ ತಿಂಗಳು ನಾನು ಅವರ ಮನೇಲಿ ಉಳ್ಕೊಂಡಿದ್ದೆ. ಮಲಗೋ ಮುಂಚೆ ಮುಂಬಾಗಿಲಿಗೆ ಚಿಲಕ ಹಾಕೋಕೆ ಹೋದ್ರೆ ಅತ್ತಿಗೆ ಕೈ ಹಿಡಿದ್ರು. ರಾತ್ರಿಯೆಲ್ಲ ಅದು ತೆರೆದೇ ಇರಬೇಕಂತೆ.

“ಕಳ್ಳರು ಬಂದ್ರೆ?” ಅಂದೆ.

“ಬರೋರ ಚಿಂತೆ ಇಲ್ಲ,” ಪಿಸುಗುಟ್ಟಿದ್ರು. “ಹೋಗೋರು ಹೋದ್ರೆ ಸಾಕು.”

ಸುಳ್ಳು ಅನ್ನೋರು ಈಗಲೇ ಹೋಗಿ ನೋಡಿ. ಬಾಗಿಲು ತೆರೆದೇ ಇದೆ.