ಆಯುಧಪೂಜೆಗೆ ಬಂದ ಎರಡನೆಯ ಅತಿಥಿ

ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಕತ್ತಲಾದ ಮೇಲೆ ನಡೆದು ಓಡಾಡುವವರೇ ಇಲ್ಲ. ಅಂಥದ್ದರಲ್ಲಿ ನಮ್ಮ ನೀಲಗಂಗಾ, ಆಯುಧಪೂಜೆಯ ದಿನ, ಗೆಳತಿಯ ಮನೆಗೆ ಹೋಳಿಗೆ ಕೊಟ್ಟು ಬಡಾವಣೆಯ ಕೊಳದ ಪಕ್ಕ ಒಬ್ಬಳೇ ಬರುತ್ತಿದ್ದಳು. ಹಿಂದೆ ಹೆಜ್ಜೆ. ಪಚ್... ಪಚ್... ನೆನೆದ ಚರ್ಮದ ಜೋಡಿನ ಸದ್ದು. ಊಟಕ್ಕೆ ಕರೆದಿದ್ದ ಪಕ್ಕದ ಮನೆಯ ಡಂಕನ್ ಇರಬೇಕೆಂದುಕೊಂಡು, ತಿರುಗಿಯೂ ನೋಡದೆ, "ಕಮ್, ಕಮ್, ಡಿನ್ನರ್ ರೆಡಿ" ಅಂದುಬಿಟ್ಟಳು.

ಒಳಗೆ ಬಂದು ನೋಡಿದರೆ ಡಂಕನ್ ಆಗಲೇ ತಟ್ಟೆಯ ಮುಂದೆ ಕೂತಿದ್ದಾನೆ!

ದೇವರ ಮುಂದೆ, ಗಂಡ ಬಸಯ್ಯನ ಕಾರಿನ ಕೀ, ಡ್ರಿಲ್ ಜೊತೆಗೆ ಒಂದು ಹಳೇ ಕಠಾರಿ. ಆಯುಧಕ್ಕೆ ಪೂಜೆ ಎಂದು ಕೇಳಿ ಡಂಕನ್ ತಂದುಕೊಟ್ಟದ್ದು. ಬಸಯ್ಯ ಅದಕ್ಕೂ ಕುಂಕುಮ ಹಚ್ಚಿ ಹೂವೇರಿಸಿದ್ದ. ಯಾರದ್ದು, ಎಲ್ಲಿಯದ್ದು, ಕೇಳಬಾರದೇ? ಡಂಕನ್ ಈಗ ನಗುನಗುತ್ತಾ ಹೇಳಿದ. ಮುನ್ನೂರು ವರ್ಷದ ಹಿಂದೆ ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ, ಓಡಿಸಿದ ರಾಜಮನೆತನಕ್ಕೆ ಮತ್ತೆ ಪಟ್ಟ ಕಟ್ಟುತ್ತೇವೆಂದು ಜಾಕೊಬೈಟರು ದಂಗೆ ಎದ್ದಾಗ, ಕುಲಕುಲಗಳೇ ಕಡಿದಾಡಿಕೊಂಡವಂತೆ. ಅವನ ಹಿರಿಯರು ಎದುರು ಕುಲದವನ ಮನೆಗೆ ಅತಿಥಿಗಳಾಗಿ ಹೋಗಿ, ಉಂಡು, ಅದೇ ರಾತ್ರಿ ಮನೆಯೊಡೆಯನನ್ನು ಈ ಕಠಾರಿಯಿಂದಲೇ ತಿವಿದರಂತೆ.

ನೀಲಗಂಗಾಳಿಗೆ ಮೈಯೆಲ್ಲ ಉರಿದುಹೋಯಿತು. "ಅನ್ನ ಹಾಕಿದಾವನ್ನ ಕೊಂದ ಕಬ್ಬಿಣಕ್ಕ ಪೂಜಿ ಮಾಡೀರೇನ್ರೀ?" ಎಂದು ಗಂಡನ ಮೇಲೆ ಪಿಸುದನಿಯಲ್ಲೇ ಹರಿಹಾಯ್ದಳು.

ಪಚ್... ಪಚ್... ಈಗ ಮನೆಯೊಳಗೇ.

ಕಠಾರಿ ತಾನಾಗಿ ಎದ್ದಿತು. ಹೂವು ಉದುರಿತು. ಹಿಡಿದ ಕೈ ಕಾಣಲಿಲ್ಲ. ಮೊನೆ ಮಾತ್ರ ಡಂಕನ್‌ನ ಕುತ್ತಿಗೆಗೆ ಬಂದು ನಿಂತಿತು.

ಅವಳಿಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು.

"ಏ!... ಉಣ್ಣಾಕ ಕುಂತಾವನ ಮ್ಯಾಲೆ, ಅದೂ ನನ್ನ ಮನ್ಯಾಗ, ಕೈ ಮಾಡ್ತೀ? ನಿನ್ನ ಕೊಂದವರಿಗೂ ನಿನಗೂ ಏನೋ ಫರಕ? ಕೊಳದ ಹಂತೇಲಿ ನಿನ್ನೂ ನಾನೇ ಕರದೇನಿ. ಕುಂಡ್ರು! ಉಣ್ಣು!"

ಸತ್ತ ಆ ಸ್ಕಾಟ್ಲೆಂಡಿನವನಿಗೆ ಕನ್ನಡ ಎಲ್ಲಿಂದ ಬರಬೇಕು? ಆದರೆ ಆ ದನಿ ಯಾರಿಗೆ ತಿಳಿಯುವುದಿಲ್ಲ ಹೇಳಿ!

ಇನ್ನೊಂದು ತಟ್ಟೆ ಇಟ್ಟಳು. ಮೊದಲು ಉಪ್ಪು, ಆಮೇಲೆ ಪಲ್ಯ, ಹೋಳಿಗೆ, ಅನ್ನ... ಕ್ರಮ ತಪ್ಪದೆ ಬಡಿಸಿದಳು. ಖಾಲಿ ಕುರ್ಚಿ ಕಿರ್ರ್... ಎಂದು ಹಿಂದೆ ಸರಿಯಿತು. ಠಣ್. ಕಠಾರಿ ನೆಲಕ್ಕೆ ಬಿತ್ತು.

ಸುಳ್ಳೆಂದರೆ ಬಸಯ್ಯನನ್ನೇ ಕೇಳಿ. ಇಂಥದ್ದೊಂದನ್ನೂ ನಂಬದ ಎಂಜಿನಿಯರ್ ಅವನು. ಆ ತಟ್ಟೆ ಎತ್ತಿದವನೂ ಅವನೇ. ಹೋಳಿಗೆ ಇಟ್ಟ ಹಾಗೇ ಇತ್ತು. ಅನ್ನದ ಒಂದು ಅಗುಳೂ ಅಲುಗಿರಲಿಲ್ಲ. ಉಪ್ಪು ಮಾತ್ರ ಇರಲಿಲ್ಲ.